ಹುಲ್ಲು ಕಾಯುವವನ ಮಾತು

ಗಾಲ್ಫ್ ಎಂಬ ಆಟದ ಹೆಸರನ್ನು ಮಾನ್ವಿಯ ಸಂತೆಯಲ್ಲೋ ದೇವದುರ್ಗದ ಬಸ್ ನಿಲ್ದಾಣದಲ್ಲೋ ಎತ್ತಿದರೆ ಕೇಳಿದವರು ಒಂದು ಕ್ಷಣ ಮುಖ ನೋಡಿ ನಕ್ಕುಬಿಟ್ಟಾರು. ನಗುವುದು ತಪ್ಪಲ್ಲ. ನೂರಾರು ಎಕರೆ ನೆಲಕ್ಕೆ ನೀರುಣಿಸಿ, ಗೊಬ್ಬರವಿಕ್ಕಿ, ಕೊನೆಗೆ ಒಂದು ಹಿಡಿ ಕಾಳನ್ನೂ ಕಾಣದೆ, ಬೆಳೆದ ಹುಲ್ಲನ್ನು ದನಕ್ಕೂ ಹಾಕದೆ ದಿನದಿನವೂ ಕತ್ತರಿಸಿ ಚೆಲ್ಲುವ ಬೇಸಾಯವನ್ನು ಎರೆಹೊಲದ ರೈತನು ಬೇಸಾಯವೆಂದು ಒಪ್ಪುವುದಾದರೂ ಹೇಗೆ? ಆ ಹುಲ್ಲು ಯಾವುದೆಂದು ತಿಳಿದರಂತೂ ಅವನ ನಗು ಇನ್ನೂ ದೊಡ್ಡದಾದೀತು. ಅದು ಗರಿಕೆ. ವಿನಾಯಕನಿಗೆ ಪ್ರಿಯವಾದ, ಒಕ್ಕಲಿಗನಿಗೆ ಕಡುವೈರಿಯಾದ, ನಮ್ಮ ಸೀಮೆಯವರು ಕರಕಿಯೆಂದು ಬೈದು ಬುಡಸಹಿತ ಅಗೆದು ಬದುವಿಗೆ ಎಸೆಯುವ ಅದೇ ಗರಿಕೆ.

ಬಿಸಿಲುನಾಡಿನ ಗಾಲ್ಫ್ ಮೈದಾನಗಳಲ್ಲಿ ಹಾಸಿರುವ ಹುಲ್ಲು ಬಹುಮಟ್ಟಿಗೆ ಇದರ ವಂಶದ್ದೇ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ತಳಿವಿಜ್ಞಾನಿಯು ಗರಿಕೆಯನ್ನು ಅದರ ಆಫ್ರಿಕದ ಸೋದರಿಯೊಡನೆ ಕೂಡಿಸಿ, 1956ರಲ್ಲಿ ಟಿಫ್‌ಗ್ರೀನ್ ಎಂಬುದನ್ನೂ 1960ರಲ್ಲಿ ಟಿಫ್‌ವೇ ಎಂಬುದನ್ನೂ ಹೊರತಂದನು. ಇವು ಬೀಜ ಕಟ್ಟದ ಹುಲ್ಲುಗಳು. ಕಾಂಡವನ್ನು ಕತ್ತರಿಸಿ ನೆಟ್ಟರೆ ಮಾತ್ರ ಹಬ್ಬತಕ್ಕವು. ತುಂಡು ಮಾಡಿದಷ್ಟೂ ಕರಕಿ ಹಬ್ಬುತ್ತದೆಂಬುದನ್ನು ನಮ್ಮ ರೈತನಿಗೆ ಯಾರೂ ಕಲಿಸಬೇಕಾದುದಿಲ್ಲ! ವಿಶೇಷವೆಂದರೆ, ಇದೇ ಬರ್ಟನ್ ಸಜ್ಜೆಯಲ್ಲಿಯೂ ಕೆಲಸ ಮಾಡಿದವನು. ಅವನ ಟಿಫ್ಟ್ 23ಎ ಎಂಬ ತಳಿಯನ್ನು ತಾಯಿಯಾಗಿರಿಸಿಕೊಂಡು 1965ರಲ್ಲಿ ಲೂಧಿಯಾನದಲ್ಲಿ ಎಚ್.ಬಿ.-1 ಎಂಬ ಭಾರತದ ಮೊದಲ ಸಂಕರ ಸಜ್ಜೆಯನ್ನು ರೂಪಿಸಿದರು. ಸಜ್ಜೆರೊಟ್ಟಿಯ ನಮ್ಮ ಸೀಮೆಗೂ ಚೆಂಡಿನಾಟದ ಆ ಸಿರಿವಂತರಿಗೂ ನಡುವೆ ಹೀಗೊಂದು ನಂಟು ಇದ್ದಿತೆಂಬುದು ನನಗೆ ತಿಳಿದದ್ದು ತೀರ ಈಚೆಗೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಈ ಲೇಖನವನ್ನು ಬರೆಯಿಸಿದವನೂ ಅವನೇ.

ಅವನ ಹೆಸರು ಇಲ್ಲಿ ಬೇಡ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವನು. ತಾಯಿಯ ತವರು ಮಾನ್ವಿಯ ಕಡೆ. ರಾಯಚೂರಿನಲ್ಲಿ ಕೃಷಿ ಪದವಿ ಪಡೆದನು. 2009ರಲ್ಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯವು ಧಾರವಾಡದಿಂದ ಬೇರ್ಪಟ್ಟು ಸ್ವತಂತ್ರವಾದ ಮೇಲೆ ಈ ಭಾಗದ ಎಷ್ಟೋ ಒಕ್ಕಲು ಮಕ್ಕಳು ಮನೆಯ ಹತ್ತಿರದಲ್ಲಿಯೇ ಆ ವಿದ್ಯೆಯನ್ನು ಕಲಿಯುವಂತಾಯಿತು. ಕಲಿತವರಲ್ಲಿ ಕೆಲವರು ಇಲಾಖೆಗೆ, ಕೆಲವರು ಬ್ಯಾಂಕಿಗೆ, ಹಲವರು ಬೀಜ-ಔಷಧಿಗಳ ವ್ಯಾಪಾರಕ್ಕೆ ಹೋಗುವರು. ನಮ್ಮವನು ಹೋದದ್ದು ಆಂಧ್ರ-ತೆಲಂಗಾಣದ ಕಡೆಯ ಒಂದು ಗಾಲ್ಫ್ ಮೈದಾನಕ್ಕೆ, ಹುಲ್ಲಿನ ಮೇಲ್ವಿಚಾರಕನಾಗಿ.

ಈ ವೃತ್ತಿ ಎಂಥದೆಂಬುದನ್ನು ಎರಡು ಮಾತಿನಲ್ಲಿ ತಿಳಿಸುತ್ತೇನೆ. ಪೂರ್ಣಪ್ರಮಾಣದ ಮೈದಾನದಲ್ಲಿ 18 ಕುಳಿಗಳು. ಒಂದೊಂದು ಕುಳಿಯ ಬಾಯಿ ನಾಲ್ಕೂಕಾಲು ಅಂಗುಲ. ಕುಳಿಯ ಸುತ್ತಲಿನ ನುಣುಪಾದ ಅಂಗಳಕ್ಕೆ ಗ್ರೀನ್ ಎಂದು ಹೆಸರು. ಅಲ್ಲಿನ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿನಷ್ಟು ಗಿಡ್ಡವಾಗಿ ಪ್ರತಿದಿನ ಬೆಳಕು ಹರಿಯುವ ಮುನ್ನ ಕತ್ತರಿಸಬೇಕು. ಇಷ್ಟು ಗಿಡ್ಡವಾಗಿ ಬದುಕುವ ಹುಲ್ಲು ಸದಾ ಸಾವಿನಂಚಿನಲ್ಲಿ ಇರತಕ್ಕದ್ದು. ಒಂದು ದಿನ ನೀರು ಹೆಚ್ಚಾದರೆ ಶಿಲೀಂಧ್ರ, ಒಂದು ಹೊತ್ತು ಕಡಮೆಯಾದರೆ ಸೀದ ಮಚ್ಚೆ. ಹಿಂದೆ ಈ ಕೆಲಸದವನನ್ನು ಇಂಗ್ಲಿಷಿನಲ್ಲಿ ಹುಲ್ಲುಗಾವಲಿನ ಕಾವಲುಗಾರನೆಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 1926ರಲ್ಲಿ ಅಮೆರಿಕದ ಒಹಾಯೊ ರಾಜ್ಯದಲ್ಲಿ ಇಂಥ ಕಾವಲುಗಾರರೆಲ್ಲ ಕೂಡಿ ಒಂದು ಸಂಘವನ್ನು ಕಟ್ಟಿಕೊಂಡರು. ಮುಂದೆ ಅವರ ಹೆಸರು ಸೂಪರಿಂಟೆಂಡೆಂಟ್ ಎಂದಾಯಿತು. ಹೆಸರು ಬದಲಾದದ್ದು ಬರಿಯ ಹೆಮ್ಮೆಗಾಗಿ ಅಲ್ಲ. ಹುಲ್ಲನ್ನು ಕಾಯುವವನು ಜನರನ್ನೂ ಹಣವನ್ನೂ ಯಂತ್ರಗಳನ್ನೂ ಕಾಯಬೇಕಾಗಿ ಬಂದುದರ ಗುರುತು ಅದು. ನಮ್ಮ ರಾಜ್ಯದಲ್ಲಿ 1876ರಷ್ಟು ಹಿಂದೆಯೇ ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿತೆಂಬುದನ್ನು ನೆನೆದರೆ, ಹೆಸರು ದಾಖಲಾಗದ ಎಷ್ಟು ಮಂದಿ ಕನ್ನಡದ ಮಾಲಿಗಳು ಈ ವಿದ್ಯೆಯನ್ನು ಕೈಯಿಂದ ಕೈಗೆ ದಾಟಿಸಿರಬೇಕು!

ಈಗ ಮಾತಿನ ವಿಷಯಕ್ಕೆ ಬರೋಣ. ಹುಲ್ಲಿಗೆ ಮಾತು ಬೇಡ. ಆದರೆ ಹುಲ್ಲಿನ ಪರವಾಗಿ ಯಾರಾದರೂ ಮಾತಾಡಲೇಬೇಕು. ಏಕೆಂದರೆ ಆಡುವವನಿಗೆ ಬೇಕಾದುದು ಇಂದಿನ ಆಟ. ಹುಲ್ಲಿಗೆ ಬೇಕಾದುದು ನಾಳೆಯ ಉಸಿರು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬಲ್ಲಿ 1865ರಿಂದ 1903ರವರೆಗೆ ಮೈದಾನವನ್ನು ನೋಡಿಕೊಂಡ ಟಾಮ್ ಮಾರಿಸ್ ಎಂಬ ಮುದುಕನ ಕಥೆಯನ್ನು ಈ ವೃತ್ತಿಯವರೆಲ್ಲರೂ ಹೇಳುತ್ತಾರೆ. ಭಾನುವಾರ ಆಟ ಕೂಡದೆಂದು ಅವನ ಕಟ್ಟಳೆ. ಸಿಟ್ಟಿನಿಂದ ಬಂದು ಕೇಳಿದವರಿಗೆ, ನಿಮಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕು ಎಂಬ ಅರ್ಥದ ಒಂದೇ ಮಾತು ಹೇಳಿ ಕಳಿಸುತ್ತಿದ್ದನೆಂದು ಪ್ರತೀತಿ. ಅಲ್ಲಿನ ಹಳೆಯ ಮೈದಾನವು ಇಂದಿಗೂ ಸಾಮಾನ್ಯವಾಗಿ ಭಾನುವಾರ ಆಟಕ್ಕೆ ತೆರೆದಿರುವುದಿಲ್ಲ. (ಈ ಪುರವಣಿಯನ್ನು ಭಾನುವಾರ ಕಾಲು ಚಾಚಿ ಓದುತ್ತಿರುವ ವಾಚಕರು ಆ ಮುದುಕನನ್ನು ಮೆಚ್ಚಿಯಾರು.) ಅವನ ಆ ಒಂದು ಮಾತಿನಲ್ಲಿ ಭಾಷಣವಿಲ್ಲ, ಕ್ಷಮೆಯಿಲ್ಲ, ಶಾಸ್ತ್ರವಿಲ್ಲ, ಕಾರಣವಿದೆ.

ಮಾತು ಸೋತ ಕಡೆ ಅಳತೆ ಬಂದು ನೆರವಾದುದೂ ಉಂಟು. 1935ರಲ್ಲಿ ಪಿಟ್ಸ್‌ಬರ್ಗಿನ ಬಳಿಯ ಓಕ್‌ಮಾಂಟ್ ಮೈದಾನದ ಪಂದ್ಯದಲ್ಲಿ ಗ್ರೀನುಗಳು ವಿಪರೀತ ನುಣುಪಾಗಿವೆಯೆಂದು ಅನಿಸಿ, ಎಡ್ವರ್ಡ್ ಸ್ಟಿಂಪ್ಸನ್ ಎಂಬ ಆಟಗಾರನು ಮರದ ಒಂದು ತೋಡನ್ನು ಮಾಡಿದನು. ತೋಡಿನಿಂದ ಜಾರಿಬಿಟ್ಟ ಚೆಂಡು ಎಷ್ಟು ಅಡಿ ಉರುಳುವುದೋ ಅದೇ ಆ ಗ್ರೀನಿನ ವೇಗ. ನಲವತ್ತು ವರ್ಷ ಅದು ಮೂಲೆಯಲ್ಲಿದ್ದು, 1970ರ ದಶಕದಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆಯವರು ಅದನ್ನು ಲೋಹದಲ್ಲಿ ತಿದ್ದಿ 1978ರಲ್ಲಿ ಮೈದಾನಗಳಿಗೆ ಒದಗಿಸಿದರು. ಅದುವರೆಗೆ ‘ನಿಧಾನ’, ‘ಜೋರು’ ಎಂದು ಕಚ್ಚಾಡುತ್ತಿದ್ದ ಆಟಗಾರನಿಗೂ ಮಾಲಿಗೂ ಒಂದು ಸಮಾನ ಭಾಷೆ ಸಿಕ್ಕಿತು. ಆದರೆ ಅದೇ ಅಂಕಿಯನ್ನು ಹಿಡಿದು ಕ್ಲಬ್ಬು ಕ್ಲಬ್ಬುಗಳು ಪೈಪೋಟಿಗಿಳಿದು ಹುಲ್ಲನ್ನು ಇನ್ನಷ್ಟು ಬೋಳಿಸತೊಡಗಿದವೆಂಬುದೂ ನಿಜವೇ. ಅಂಕಿಯೂ ಮಾತಿನಂತೆಯೇ, ಆಡುವವರ ಮೇಲೆ ಹೋಗುತ್ತದೆ.

ನನ್ನ ವಿದ್ಯಾರ್ಥಿಯು ಇದನ್ನೆಲ್ಲ ಬಲ್ಲವನು. ರೋಗ, ಕೀಟ, ಮಣ್ಣಿನ ಲವಣ, ಯಾವುದನ್ನು ಕೇಳಿದರೂ ತಡವರಿಸದವನು. ಇಂಗ್ಲಿಷಿನಲ್ಲಿ ಮಾತ್ರ ಹಿಂಜರಿಯುತ್ತಿದ್ದನು. ಆ ಹಿಂಜರಿಕೆಯೇ ತನ್ನ ಏಕೈಕ ಕೊರತೆಯೆಂದು ತಿಳಿದು ರಾತ್ರಿಯೆಲ್ಲ ಇಂಗ್ಲಿಷ್ ವಾಕ್ಯಗಳನ್ನು ಗಟ್ಟಿ ಮಾಡುತ್ತಿದ್ದನಂತೆ. ಇಂದಿನ ಕೃಷಿ ಪದವಿಯ ಪಠ್ಯದಲ್ಲಿ ಸಂವಹನ ಕೌಶಲವೆಂಬ ವಿಷಯವೇ ಇದೆ. ಅದನ್ನು ನಮ್ಮ ಮಕ್ಕಳು ಇಂಗ್ಲಿಷ್ ಕಲಿಯುವ ಗಂಟೆಯೆಂದೇ ಎಣಿಸುತ್ತಾರೆ. ಅಧ್ಯಾಪಕರಾದ ನಾವೂ ಆ ತಪ್ಪು ಎಣಿಕೆಗೆ ಒತ್ತು ಕೊಟ್ಟವರೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಎರಡನೆಯ ಬೇಸಗೆಯಲ್ಲಿ ಒಂದು ಮುಂಜಾನೆ ನಾಲ್ಕು ಗ್ರೀನುಗಳ ಮೇಲೆ ಗೆರೆ ಎಳೆದಂತೆ ಹುಲ್ಲು ಸತ್ತುಹೋಯಿತು. ಹುಲ್ಲು ಕತ್ತರಿಸುವ ಯಂತ್ರದ ಹೈಡ್ರಾಲಿಕ್ ಎಣ್ಣೆಯ ಕೊಳವೆ ಬಿರಿದಿತ್ತು. ಯಂತ್ರದೊಳಗೆ ಕಾದ ಎಣ್ಣೆ ಹನಿಹನಿಯಾಗಿ ಬಿದ್ದ ಕಡೆಯೆಲ್ಲ ಹುಲ್ಲು ಬೆಂದುಹೋಗಿತ್ತು. ಮೊದಲ ಗ್ರೀನಿನಲ್ಲೇ ಯಂತ್ರವನ್ನು ನಿಲ್ಲಿಸಿದ್ದರೆ ಒಂದೇ ಗ್ರೀನಿಗೆ ಹಾನಿ ಮುಗಿಯುತ್ತಿದ್ದಿತು; ಕೂಡಲೇ ಸಾಬೂನು ನೀರಿನಲ್ಲಿ ತೊಳೆದಿದ್ದರೆ ಅದೂ ಕಡಮೆಯಾಗುತ್ತಿದ್ದಿತು. ವಾರ ಕಳೆದರೆ ಪಂದ್ಯ. ನಮ್ಮವನು ಯಂತ್ರ ನಡೆಸಿದ ಕೆಲಸಗಾರನನ್ನು ಕರೆದು ಕೇಳಿದನು: ಎಣ್ಣೆ ಸೋರುವುದು ಕಾಣಲಿಲ್ಲವೇ?

ಕಂಡಿತ್ತು. ಎರಡನೆಯ ಗ್ರೀನಿನಲ್ಲಿಯೇ ಕಂಡಿತ್ತು.

ಮತ್ತೆ ಏಕೆ ಹೇಳಲಿಲ್ಲ?

ಆ ಮನುಷ್ಯ ಬಹಳ ಹೊತ್ತು ಸುಮ್ಮನೆ ನಿಂತು, ಕೊನೆಗೆ ತೆಲುಗಿನಲ್ಲಿ ಹೇಳಿದನಂತೆ: ಹೋದ ತಿಂಗಳು ಹೇಳಿದೆನಲ್ಲ.

ಹೋದ ತಿಂಗಳು ನಡೆದುದು ಇಷ್ಟು. ನೀರು ಚಿಮ್ಮಿಸುವ ಒಂದು ಕೊಳಾಯಿಯನ್ನು ಅದೇ ಕೆಲಸಗಾರನು ಕೈತಪ್ಪಿ ಮುರಿದಿದ್ದನು. ತಾನಾಗಿ ಬಂದು ತಿಳಿಸಿದನು. ಆಗ ನಮ್ಮ ಪದವೀಧರನು ಹತ್ತು ಜನರೆದುರಿಗೆ ಅವನ ಮೇಲೆ ಹರಿಹಾಯ್ದಿದ್ದನು. ತಾನು ಅದನ್ನು ಸಂಜೆಗೇ ಮರೆತಿದ್ದನು. ಅವರು ಮರೆತಿರಲಿಲ್ಲ, ಹತ್ತು ಮಂದಿಯೂ.

‘ಸರ್, ನಾನು ಮೇಲಿನವರ ಜೊತೆ ಮಾತಾಡೋದು ಹೇಗಂತ ಎರಡು ವರ್ಷ ಕಲಿತೆ. ನನ್ನ ಹತ್ತಿರ ಬಂದು ಮಾತಾಡೋರ ಬಾಯಿ ನಾನೇ ಮುಚ್ಚಿಸಿದ್ದೆ’ ಎಂದು ಅವನು ಆ ರಾತ್ರಿ ದೂರವಾಣಿಯಲ್ಲಿ ಹೇಳಿದಾಗ ಏನು ಉತ್ತರ ಕೊಡಬೇಕೋ ನನಗೆ ಹೊಳೆಯಲಿಲ್ಲ. ನನ್ನ ತರಗತಿಯಲ್ಲಿ ಸಂದೇಹ ಕೇಳಲು ಅಂಜಿ ಕುಳಿತ ಹುಡುಗರ ಮುಖಗಳು ಕಣ್ಣ ಮುಂದೆ ಬಂದವು. ಅವನೂ ಅವರಲ್ಲೊಬ್ಬನಾಗಿದ್ದನೇನೋ.

ಆಗ ಅವನು ಕೇಳಿದುದು ಬೇರೆ ಸಹಾಯ. ಮರುದಿನ ಸದಸ್ಯರಿಗೆ ಒಂದು ಸೂಚನೆಯನ್ನು ಅಂಟಿಸಬೇಕಾಗಿತ್ತು. ಮೊದಲ ಕರಡನ್ನು ಓದಿದನು. ‘ಅನಿವಾರ್ಯ ತಾಂತ್ರಿಕ ಕಾರಣಗಳಿಂದ’ ಎಂದು ಮೊದಲಾಗಿ ಅದರಲ್ಲಿ ಹನ್ನೆರಡು ಸಾಲುಗಳಿದ್ದವು. ಎಣ್ಣೆ ಎಂಬ ಪದವೇ ಇರಲಿಲ್ಲ. ಎರಡನೆಯದರಲ್ಲಿ ಎಣ್ಣೆ ಬಂದಿತು, ಯಂತ್ರ ನಡೆಸಿದವನ ತಪ್ಪೂ ಬಂದಿತು. ಮೂರನೆಯದು ನಾಲ್ಕೇ ಸಾಲು. ಯಂತ್ರದ ಎಣ್ಣೆ ಸೋರಿ ಇಂಥಿಂಥ ನಾಲ್ಕು ಗ್ರೀನುಗಳಲ್ಲಿ ಹುಲ್ಲು ಸತ್ತಿದೆ. ಯಂತ್ರವನ್ನು ದಿನವೂ ಪರೀಕ್ಷಿಸಬೇಕಾದುದು ನನ್ನ ಹೊಣೆ, ಅದು ನಡೆದಿಲ್ಲ. ಸತ್ತ ಹುಲ್ಲನ್ನು ತೆಗೆದು ಸಸಿಮಡಿಯಿಂದ ಹೊಸ ತುಂಡುಗಳನ್ನು ಕೂರಿಸುತ್ತಿದ್ದೇವೆ. ಆರು ವಾರ ಗುರುತು ಕಾಣುವುದು. ಕೆಳಗೆ ಸಹಿ. ಇಂಗ್ಲಿಷ್ ಅಷ್ಟೇನೂ ಸೊಗಸಾಗಿರಲಿಲ್ಲ. ಒಂದು ಕಡೆ ವ್ಯಾಕರಣವೂ ತಪ್ಪಿತ್ತು, ನಾನು ತಿದ್ದಲಿಲ್ಲ.

ಹಾಗೆ ಬರೆದುದಕ್ಕೆ ಎಲ್ಲರೂ ಬೆನ್ನು ತಟ್ಟಿದರೆಂದು ಯಾರೂ ಭಾವಿಸಬಾರದು. ಸಮಿತಿಯಲ್ಲಿ ಒಬ್ಬರು ಅವನನ್ನು ತೆಗೆದುಹಾಕಬೇಕೆಂದೇ ವಾದಿಸಿದರಂತೆ. ಆ ವರ್ಷ ಸಂಬಳವೂ ಏರಲಿಲ್ಲ. ಪಂದ್ಯವೇನೋ ನಡೆಯಿತು. ಸೋತವರಲ್ಲಿ ಕೆಲವರು ಆ ಗೆರೆಗಳನ್ನೇ ಕಾರಣ ಮಾಡಿದರು. ಸೋತವರಿಗೆ ಒಂದು ಕಾರಣ ಬೇಕೇ ಬೇಕಷ್ಟೆ.

ಕ್ರಮ ಮಾತ್ರ ಬದಲಾಯಿತು. ಬೆಳಗಿನ ಐದೂವರೆಗೆ, ಯಂತ್ರಗಳು ಹೊರಡುವ ಮುನ್ನ, ಚಹದ ಲೋಟ ಹಿಡಿದು ಅವನು ಕೆಲಸಗಾರರ ನಡುವೆ ಹತ್ತು ನಿಮಿಷ ನಿಲ್ಲುತ್ತಾನೆ. ಮೊದಲ ಪ್ರಶ್ನೆ ಒಂದೇ: ನಿನ್ನೆ ಏನು ಕೆಟ್ಟಿತು? ಯಾರು ಕೆಡಿಸಿದರೆಂದು ಕೇಳುವುದಿಲ್ಲ. ಮೊದಲ ಎರಡು ವಾರ ಯಾರೂ ಬಾಯಿ ಬಿಡಲಿಲ್ಲವಂತೆ. ಆಮೇಲೆ ಒಬ್ಬನು, ತನ್ನ ಯಂತ್ರದ ಬ್ಲೇಡಿಗೆ ಕಲ್ಲು ತಗಲಿತೆಂದು ಮೆಲ್ಲನೆ ಹೇಳಿದನು. ಬೈಗುಳ ಬರಲಿಲ್ಲ. ಮರುದಿನ ಇಬ್ಬರು ಹೇಳಿದರು.

ಆ ಮಾತುಕತೆ ನಡೆಯುವುದು ತೆಲುಗು, ಉರ್ದು, ನಡುನಡುವೆ ಒಬ್ಬಿಬ್ಬರು ವಲಸೆ ಬಂದವರಿಗಾಗಿ ಕನ್ನಡದಲ್ಲಿ. ರಾಯಚೂರಿನಲ್ಲಿ ಬೆಳೆದವನಿಗೆ ಇದಾವುದೂ ಕಷ್ಟವಲ್ಲ. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದು, ಇಂದಿಗೂ ಎರಡು ತೆಲುಗು ರಾಜ್ಯಗಳ ಗಡಿಯಲ್ಲಿರುವ ನಮ್ಮ ಜಿಲ್ಲೆಯಲ್ಲಿ ಗಂಜ್‌ನಲ್ಲಿ ಹತ್ತಿ ಮಾರಿ ಬರುವಷ್ಟರಲ್ಲಿ ಮನುಷ್ಯ ಮೂರು ಭಾಷೆಗಳಲ್ಲಿ ಚೌಕಾಸಿ ಮಾಡಿರುತ್ತಾನೆ. ಸಂದರ್ಶನಕ್ಕೆ ಹೋಗುವಾಗ ಆ ಮೂರನ್ನೂ ಮನೆಯಲ್ಲಿಟ್ಟು, ಬಾರದ ನಾಲ್ಕನೆಯದೊಂದನ್ನೇ ತಲೆಯ ಮೇಲೆ ಹೊತ್ತು ಹೋಗುವ ನಮ್ಮ ಹುಡುಗರನ್ನು ಕಂಡು ನನಗೆ ಮರುಕವಾಗುತ್ತದೆ.

ದೇವದುರ್ಗ-ಮಾನ್ವಿಗಳ ಹೆಸರು ಕೂಡಿ ಬಂದಾಗ ಸಾಹಿತ್ಯದ ಓದುಗರಿಗೆ ಇನ್ನೊಂದು ಜೋಡಿ ನೆನಪಾಗದೆ ಇರದು. 18ನೆಯ ಶತಮಾನದಲ್ಲಿ ಮಾನ್ವಿಯ ಬಳಿಯ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು ದೊಡ್ಡ ಸಂಸ್ಕೃತ ಪಂಡಿತರು; ಕನ್ನಡದಲ್ಲಿ ಹಾಡುವ ದಾಸರನ್ನು ಹಗುರಾಗಿ ಕಂಡವರು. ಐತಿಹ್ಯ ಹೇಳುವಂತೆ, ಉದರವ್ಯಾಧಿಯಿಂದ ನರಳಿ ಕೊನೆಗೆ ಅವರು ಶರಣುಹೋದುದು ದೇವದುರ್ಗ ಸೀಮೆಯ ಮೊಸರಕಲ್ಲಿನವರಾದ ಗೋಪಾಲದಾಸರಿಗೆ. ಆ ಪಂಡಿತರೇ ಮುಂದೆ ಜಗನ್ನಾಥದಾಸರಾಗಿ, ತಾವು ಕಲಿತ ಶಾಸ್ತ್ರವನ್ನೆಲ್ಲ ಕನ್ನಡದ ಭಾಮಿನಿ ಷಟ್ಪದಿಗೆ ಇಳಿಸಿ ‘ಹರಿಕಥಾಮೃತಸಾರ’ವನ್ನು ಬರೆದರು. ಹುಲ್ಲಿನ ಮೈದಾನದ ಮಾತಿಗೂ ಭಕ್ತಿಯ ಮಾತಿಗೂ ಹೋಲಿಕೆ ಕಟ್ಟುವುದು ಅತಿಯಾದೀತು. ಆ ಅತಿಯನ್ನು ನಾನು ಮಾಡುವುದಿಲ್ಲ. ಆದರೆ ಬಲ್ಲವನು ತನ್ನ ಬಲ್ಮೆಯನ್ನು ಎದುರಿನವನ ನುಡಿಗೆ ತರಬೇಕಾದರೆ ಮೊದಲು ತಾನು ಸ್ವಲ್ಪ ಬಾಗಬೇಕಾಗುತ್ತದೆಂಬುದು ಈ ನೆಲಕ್ಕೆ ಹೊಸ ಪಾಠವಲ್ಲ.

ಒಂದು ಮುಳ್ಳು ಮಾತ್ರ ಉಳಿಯುತ್ತದೆ. ನೀರು. ಇಂಥ ಮೈದಾನಗಳು ಬೇಸಗೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಲೀಟರು ಕುಡಿಯುತ್ತವೆ. ಅಜ್ಜನ ಊರು ತುಂಗಭದ್ರೆಯ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿದ್ದುದರಿಂದ ನಮ್ಮವನಿಗೆ ನೀರಿನ ಮಾತು ಬಾಲ್ಯದಿಂದಲೂ ಗೊತ್ತು. ಇನ್ನೂರು ಕಿಲೋಮೀಟರಿಗೂ ಮೀರಿ ಹರಿದು ಬರುವ ಆ ಕಾಲುವೆಯಲ್ಲಿ ಮೇಲಿನವರು ಭತ್ತಕ್ಕೆ ತಿರುಗಿಸಿಕೊಂಡು ಉಳಿದದ್ದು ಕೊನೆಯವರಿಗೆ. ಗೇಟಿನ ಬಳಿ ಕೂಡುವ ರೈತರಿಗೆ ‘ಬರ್ತದ, ನಾಳೆ ಬರ್ತದ’ ಎಂಬ ಉತ್ತರ ಸಿಕ್ಕು ಸಿಕ್ಕು, ನೀರು ಬಾರದುದಕ್ಕಿಂತ ಆ ಉತ್ತರವೇ ಅವರನ್ನು ಹೆಚ್ಚು ನೋಯಿಸುತ್ತಿದ್ದಿತೆಂದು ಅವನು ಹೇಳುತ್ತಾನೆ. ಮೈದಾನದ ಸುತ್ತಲಿನ ಹಳ್ಳಿಯವರು ಒಂದು ದಿನ ಬಾಗಿಲಿಗೆ ಬಂದು, ನಮ್ಮ ಬಾವಿ ಬತ್ತಿದೆ, ನಿಮ್ಮ ಹುಲ್ಲು ಹಸಿರಾಗಿದೆ ಎಂದಾಗ, ಕಾವಲುಗಾರನ ಮೂಲಕ ಉತ್ತರ ಕಳಿಸದೆ ತಾನೇ ಹೊರಗೆ ಬಂದನು. ನಗರದ ಬಳಸಿದ ನೀರನ್ನು ಶುದ್ಧಿಮಾಡಿ ಹರಿಸುವ ಕೊಳವನ್ನೂ, ಕೊಳವೆಬಾವಿಯ ಮೀಟರನ್ನೂ ತೋರಿಸಿದನು. ಮೀಟರಿನ ಅಂಕಿ ಸೊನ್ನೆಯೇನೂ ಆಗಿರಲಿಲ್ಲ. ಅದನ್ನೂ ಮರೆಮಾಚಲಿಲ್ಲ. ಕಡೆಯ ಎರಡು ತಿಂಗಳು ಕೊಳವೆಬಾವಿಯನ್ನು ನಿಲ್ಲಿಸಿ, ಆಟಗಾರರು ಕಾಲಿಡದ ಅಂಚುಗಳನ್ನು ಒಣಗಬಿಡೋಣವೆಂದು ಸಮಿತಿಗೆ ಬರೆದನು. ಅರ್ಧ ಒಪ್ಪಿದರು. ಹಳ್ಳಿಯವರೂ ಅರ್ಧ ನಂಬಿದರು. ಈ ಆಟಕ್ಕೆ ಅಷ್ಟು ನೀರು ಸಲ್ಲುವುದೇ ಎಂದು ನಾನು ಅವನನ್ನು ಕೇಳಿದ್ದೇನೆ. ಅವನು ನೇರವಾಗಿ ಉತ್ತರಿಸಿಲ್ಲ, ನಾನೂ ಒತ್ತಾಯಿಸಿಲ್ಲ.

ಹೋದ ನಾಗರಪಂಚಮಿಗೆ ಊರಿಗೆ ಬಂದವನು ಮೊಬೈಲಿನಲ್ಲಿದ್ದ ಗ್ರೀನಿನ ಚಿತ್ರವನ್ನು ತಂದೆಗೆ ತೋರಿಸಿದನಂತೆ. ಮುದುಕರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ‘ಕರಕಿ ಅಲ್ಲೇನೋ ಇದು?’

‘ಹೌದಪ್ಪ, ಕರಕಿನೇ.’

‘ನಾನು ಮೂವತ್ತು ವರ್ಷ ಕಿತ್ತೀನಿ. ನೀ ಬೆಳೆಸಾಕ ಪಗಾರ ತಗೋತಿ.’ ನಕ್ಕು, ಚಿತ್ರವನ್ನು ಇನ್ನೊಮ್ಮೆ ನೋಡಿ, ಅಂಚಿನಲ್ಲಿ ಯಂತ್ರದ ಪಕ್ಕ ನಿಂತ ಮನುಷ್ಯನ ಮೇಲೆ ಬೆರಳಿಟ್ಟು ಕೇಳಿದರು: ‘ಇಂವ ಯಾರು?’

ಎಣ್ಣೆ ಸೋರಿದ್ದನ್ನು ಕಂಡೂ ಹೇಳದಿದ್ದ ಆ ಕೆಲಸಗಾರನ ಹೆಸರನ್ನು ಅವನು ಹೇಳಿದನು.